ಎರೆಮಣ್ಣಿನ ಬಸ್ ಡಿಪೊಗಳು: ಮರುಬಳಕೆಗೆ ಮುನ್ನ ನೆಲದ ತಪಾಸಣೆ

ಉಮರ್ಗಾ, ನಿಲಂಗಾ, ಉದಗೀರ ಮೂರೂ ಊರುಗಳಲ್ಲಿ ಮಹಾರಾಷ್ಟ್ರ ರಾಜ್ಯ ರಸ್ತೆ ಸಾರಿಗೆ ನಿಗಮದ ಡಿಪೊಗಳಿವೆ. ಈ ಊರುಗಳು ಆಗ ಸೇರಿದ್ದ ನಿಜಾಮ ಸಂಸ್ಥಾನದಲ್ಲಿ 1932ರಲ್ಲಿ ಆರಂಭವಾದ ಸರಕಾರಿ ಬಸ್ ಸಂಚಾರ, 1956ರ ರಾಜ್ಯ ಪುನರ್ವಿಂಗಡಣೆಯ ಬಳಿಕ ಮರಾಠವಾಡದ ಮಟ್ಟಿಗೆ ಮುಂಬಯಿ ರಾಜ್ಯದ ಪಾಲಾಯಿತು. ಬಸವಕಲ್ಯಾಣ, ಭಾಲ್ಕಿ, ಬೀದರಿನ ಜನಕ್ಕೂ ಈ ಮೂರೂ ಪರಿಚಿತ ನಿಲ್ದಾಣಗಳು. ನಿಗಮ ಈಗ ತನ್ನ ಜಾಗಗಳನ್ನು ಖಾಸಗಿ ಸಹಭಾಗಿತ್ವದಲ್ಲಿ ಅಭಿವೃದ್ಧಿಪಡಿಸುವ ನೀತಿ ಹಿಡಿದಿದೆ. ಊರ ನಡುವಿನ ಡಿಪೊ ನೆಲ ಅಂಗಡಿ, ವಸತಿಗೆ ತಿರುಗುವುದಾದರೆ ಅದರೊಳಗೇನಿದೆಯೆಂದು ಮೊದಲು ನೋಡಬೇಕು. ಡಿಪೊದ ಒಳವಿನ್ಯಾಸವೇ ಆ ತಪಾಸಣೆಯ ನಕ್ಷೆಯಾಗಬೇಕೆಂಬುದು ಈ ಲೇಖನದ ವಾದ.

ಪ್ರಯಾಣಿಕರು ನಿಲ್ಲುವ ಕಡೆಗಿಂತ ವರ್ಕ್‌ಶಾಪಿನ ಕಡೆ ಅಪಾಯ ಹೆಚ್ಚು. ಡೀಸೆಲ್ ಪಂಪು ಮತ್ತು ನೆಲದಡಿಯ ಟ್ಯಾಂಕು, ಬಸ್ಸಿನಡಿ ನಿಂತು ಆಯಿಲ್ ಬದಲಿಸುವ ಪಿಟ್, ಬಸ್ ತೊಳೆಯುವ ಜಾಗದ ಚರಂಡಿ, ಬ್ಯಾಟರಿ ಕೋಣೆ: ಯಾವ ಡಿಪೊದಲ್ಲೂ ಮೊದಲು ಅನುಮಾನಿಸಬೇಕಾದ ನಾಲ್ಕು ತಾಣಗಳಿವು. ಬ್ಯಾಟರಿ ತ್ಯಾಜ್ಯದ ನಿಯಮ ಬಂದದ್ದೇ 2001ರಲ್ಲಿ. ಅದಕ್ಕೂ ಹಿಂದೆ ಹಳೆ ಬ್ಯಾಟರಿಗಳನ್ನು ಎಲ್ಲಿ ಹಾಕುತ್ತಿದ್ದರು, ಟ್ಯಾಂಕು ಎಲ್ಲಿತ್ತು, ಕೊಚ್ಚೆನೀರು ಯಾವ ಕಡೆ ಹರಿಯುತ್ತಿತ್ತು ಎಂಬುದನ್ನು ನಿವೃತ್ತ ಮೆಕ್ಯಾನಿಕರಿಂದ ಕೇಳಿ ಬರೆದುಕೊಳ್ಳಬೇಕು.

ಇಲ್ಲಿಯದು ದಖ್ಖನ್ ಬಸಾಲ್ಟಿನ ಮೇಲಿನ ಎರೆಮಣ್ಣು. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಚೆಲ್ಲಿದ ಡೀಸೆಲ್ ಆ ಬಿರುಕುಗಳಲ್ಲಿ ಇಳಿದು ಗರಸನ್ನೂ ಬಂಡೆಯ ಸೀಳುಗಳನ್ನೂ ಸೇರಬಲ್ಲದು. ಮಳೆ ಬಿದ್ದರೆ ಮಣ್ಣು ಉಬ್ಬಿ ಬಿರುಕು ಮುಚ್ಚಿಕೊಳ್ಳುತ್ತದೆ. ಆಗ ಮೇಲ್ಮಣ್ಣು ಚೊಕ್ಕಟವಾಗಿ ಕಂಡರೂ ಕೆಳಗೆ ಎಣ್ಣೆ ಉಳಿದಿರಬಹುದು. ಬ್ಯಾಟರಿಯ ಸೀಸದ ನಡೆಯೇ ಬೇರೆ: ಜೇಡಿಕಣಗಳಿಗೆ ಅಂಟಿಕೊಂಡು ಹೆಚ್ಚಾಗಿ ಮೇಲ್ಪದರದಲ್ಲೇ ನಿಲ್ಲುತ್ತದೆ, ಅಗೆಯುವಾಗ ಧೂಳಿನೊಂದಿಗೆ ಏಳುತ್ತದೆ. ಆದ್ದರಿಂದ ಬ್ಯಾಟರಿ ಕೋಣೆಯಲ್ಲಿ ಮೇಲ್ಮಣ್ಣನ್ನು, ಟ್ಯಾಂಕಿನ ಬಳಿ ಬಂಡೆಯವರೆಗಿನ ಮಣ್ಣನ್ನೂ ಸುತ್ತಲ ಕೊಳವೆಬಾವಿಗಳ ನೀರನ್ನೂ ಪರೀಕ್ಷಿಸಬೇಕು.

ಶುದ್ಧೀಕರಣದ ದಾರಿಯೂ ಎರಡು. ಡೀಸೆಲನ್ನು ಸೂಕ್ಷ್ಮಜೀವಿಗಳು ಒಡೆಯಬಲ್ಲವು, ಅವಕ್ಕೆ ಗಾಳಿ ಬೇಕು. ಬಿಗಿಯಾದ ಎರೆಯಲ್ಲಿ ಗಾಳಿಯಾಡದು. ಮಣ್ಣನ್ನು ಅಗೆದು, ಹೊಟ್ಟು ಬೆರೆಸಿ, ತಳಕ್ಕೆ ಹಾಳೆ ಹಾಸಿದ ಗುಡ್ಡೆಗಳಲ್ಲಿ ಆಗಾಗ ತಿರುವಿಹಾಕುವುದು ಇಲ್ಲಿಗೆ ಹೊಂದುವ ಕ್ರಮ. ಸೀಸ ಹಾಗೆ ಒಡೆಯುವ ವಸ್ತುವಲ್ಲ; ಆ ಮಣ್ಣನ್ನು ತೆಗೆದು ಅಧಿಕೃತ ಅಪಾಯಕಾರಿ ತ್ಯಾಜ್ಯ ಘಟಕಕ್ಕೆ ಸಾಗಿಸಬೇಕಾಗುತ್ತದೆ.

2016ರ ಏಪ್ರಿಲ್‌ನಲ್ಲಿ ಲಾತೂರಿಗೆ ಮೀರಜ್‌ನಿಂದ ರೈಲಿನಲ್ಲಿ ನೀರು ತರಬೇಕಾಯಿತು. ನಿಲಂಗಾ, ಉದಗೀರ ಅದೇ ಜಿಲ್ಲೆಯವು. ಇಂಥ ಸೀಮೆಯಲ್ಲಿ ಕೆಟ್ಟ ಕೊಳವೆಬಾವಿಗೆ ಬದಲಿ ಸುಲಭಕ್ಕೆ ಸಿಗದು. ಮಲಿನಗೊಂಡ ತಾಣಗಳ ನಿರ್ವಹಣೆಗೆ ಕೇಂದ್ರ ಸರಕಾರ 2025ರಲ್ಲಿ ನಿಯಮ ತಂದಿದೆ. ಅದು ನೆಲಕ್ಕಿಳಿಯಬೇಕಾದರೆ ಮಣ್ಣು–ನೀರಿನ ವರದಿ ಟೆಂಡರಿಗೆ ಮುನ್ನವೇ ಪ್ರಕಟವಾಗಬೇಕು. ಶುದ್ಧೀಕರಣದ ವೆಚ್ಚ ಯಾರದೆಂಬುದು ಗುತ್ತಿಗೆ ಕರಾರಿನಲ್ಲೇ ನಮೂದಾಗಬೇಕು.