ಕೂಟಶಾಸನದಿಂದ ಕೃತಿಚೌರ್ಯದವರೆಗೆ: ಬೆಳಗಾವಿ–ಖಾನಾಪುರ ಸೀಮೆಯಲ್ಲಿ ಇತಿಹಾಸ ಪಾಠದ ಪ್ರಾಮಾಣಿಕತೆ

ಇತಿಹಾಸದ ಅಧ್ಯಾಪಕರು ಸೆಮಿಸ್ಟರಿನ ಮೊದಲ ವಾರದಲ್ಲಿ ವಿದ್ಯಾರ್ಥಿಗಳ ಕೈಗೆ ಕೊಡುವ ಪಾಠಯೋಜನೆಯಲ್ಲಿ, ಎಂದರೆ ಓದಬೇಕಾದ ಪುಸ್ತಕಗಳು, ಬರೆದೊಪ್ಪಿಸಬೇಕಾದ ನಿಯೋಜಿತ ಕಾರ್ಯಗಳು, ಆಂತರಿಕ ಅಂಕಗಳು ಮತ್ತು ಹಾಜರಾತಿಯ ಲೆಕ್ಕವನ್ನು ತಿಳಿಸುವ ಹಾಳೆಯಲ್ಲಿ, ಪ್ರಾಮಾಣಿಕತೆಯ ಮಾತು ಸಾಮಾನ್ಯವಾಗಿ ಕೊನೆಗೆ ಬರುತ್ತದೆ. ನಕಲು ಮಾಡಬಾರದು, ಪರರ ಬರಹವನ್ನು ತನ್ನದೆಂದು ಒಪ್ಪಿಸಬಾರದು ಎಂಬ ಆ ಸಾಲುಗಳನ್ನು ವಿದ್ಯಾರ್ಥಿಗಳು ಶಿಸ್ತಿನ ನಿಯಮವೆಂದು ಓದಿ ಮರೆಯುತ್ತಾರೆ. ಅವು ಪಾಠದ ವಿಷಯವೇ ಆಗಿವೆಯೆಂದು ಅವರಿಗೆ ತೋರುವುದಿಲ್ಲ. ಬೆಳಗಾವಿ ಸೀಮೆಯ ಮಟ್ಟಿಗಂತೂ ಈ ಕ್ರಮ ಸರಿಯಲ್ಲ. ದೇಸೂರ ನಿಲ್ದಾಣದಿಂದ ರೈಲು ಒಂದು ಕಡೆಗೆ ಬೆಳಗಾವಿಯ ಕಾಲೇಜುಗಳತ್ತ ಹೋದರೆ ಇನ್ನೊಂದು ಕಡೆಗೆ ಖಾನಾಪುರದತ್ತ, ಹಲಸಿ ಮತ್ತು ನಂದಗಡಗಳ ತಾಲ್ಲೂಕಿನತ್ತ ಹೋಗುತ್ತದೆ. ಆ ಊರುಗಳ ಇತಿಹಾಸ ಇಂದು ತಿಳಿದಿರುವುದೇ ಹೇಳಿದವರು ಯಾರು, ನೋಡಿದವರು ಯಾರು, ಓದಿದವರು ಯಾರು ಎಂದು ಕೇಳುತ್ತ ಬಂದವರ ಶ್ರಮದಿಂದ.

ಹಲಸಿ ಹಿಂದಿನ ಪಲಾಶಿಕಾ. ಬನವಾಸಿಯ ಕದಂಬರಿಗೆ ಎರಡನೆಯ ರಾಜಧಾನಿಯಂತಿದ್ದ ಊರು. ನಂದಗಡದ ದಾರಿಯಲ್ಲಿ ಚಕ್ರತೀರ್ಥವೆಂಬ ಸಣ್ಣ ಬಾವಿಯ ಬಳಿಯ ದಿಬ್ಬದಲ್ಲಿ ಕದಂಬ ಅರಸರ ತಾಮ್ರಪಟಗಳು, ಅಂದರೆ ದಾನವನ್ನು ಕೊರೆದು ಬಳೆಯಲ್ಲಿ ಪೋಣಿಸಿ ಮುದ್ರೆ ಒತ್ತಿದ ತಾಮ್ರದ ಹಲಗೆಗಳು, ಹತ್ತೊಂಬತ್ತನೆಯ ಶತಮಾನದಲ್ಲಿ ದೊರೆತವು. ಅವುಗಳನ್ನು ಓದಿ ‘ಇಂಡಿಯನ್ ಆಂಟಿಕ್ವೆರಿ’ ಪತ್ರಿಕೆಯಲ್ಲಿ 1877ರ ಹೊತ್ತಿಗೆ ಪ್ರಕಟಿಸಿದವರು ಜಾನ್ ಫೇತ್‌ಫುಲ್ ಫ್ಲೀಟ್. ಮುಂಬಯಿ ಪ್ರಾಂತದ ಸಿವಿಲ್ ಸೇವೆಗೆ 1867ರಲ್ಲಿ ಸೇರಿ, ದಕ್ಷಿಣ ವಿಭಾಗದ ಶಿಕ್ಷಣ ಇಲಾಖೆಯಲ್ಲಿಯೂ ಕೆಲಸ ಮಾಡಿದ ಅಧಿಕಾರಿ. ಈ ಪಟಗಳಲ್ಲೊಂದರಲ್ಲಿ ಯುವರಾಜ ಕಾಕುಸ್ಥವರ್ಮನು ಸೇನಾಪತಿ ಶ್ರುತಕೀರ್ತಿಗೆ ಖೇಟಗ್ರಾಮದಲ್ಲಿ ಹೊಲವೊಂದನ್ನು ಕೊಟ್ಟ ಸಂಗತಿಯಿದೆ. ಅದಕ್ಕೆ ಕೊಟ್ಟಿರುವ ಕಾಲ ಎಂಬತ್ತನೆಯ ವರ್ಷ. ಯಾವುದರಿಂದ ಎಣಿಸಿದ ಎಂಬತ್ತು ಎಂಬುದನ್ನು ಪಟ ಸ್ಪಷ್ಟವಾಗಿ ಹೇಳುವುದಿಲ್ಲ. ಕದಂಬರ ಮೊದಲ ಅರಸನ ಪಟ್ಟಾಭಿಷೇಕದಿಂದಲೆಂದು ಕೆಲವರೂ ಗುಪ್ತ ಶಕೆಯಿಂದಲೆಂದು ಇನ್ನು ಕೆಲವರೂ ವಾದಿಸಿದ್ದಾರೆ. ಪದವಿಯ ವಿದ್ಯಾರ್ಥಿ ಈ ದಾನಕ್ಕೆ ಒಂದು ಖಚಿತ ಇಸವಿಯನ್ನು ಗೈಡಿನಿಂದ ಎತ್ತಿ ಬರೆದರೆ ಪರೀಕ್ಷೆಯಲ್ಲಿ ಅಂಕ ಸಿಗಬಹುದು, ಆದರೆ ಪಟದಲ್ಲಿಲ್ಲದ ಒಂದು ಮಾತನ್ನು ಪಟದ ಬಾಯಿಗೆ ಹಾಕಿದಂತಾಗುತ್ತದೆ. ಆ ಇಸವಿ ಯಾರ ವಾದ ಎಂದು ಸೇರಿಸಿ ಬರೆದ ಕೂಡಲೆ ಅದೇ ವಾಕ್ಯ ಇತಿಹಾಸವಾಗುತ್ತದೆ. ಈ ವ್ಯತ್ಯಾಸವನ್ನು ಕಲಿಸದ ಪಾಠ ಎಷ್ಟು ರಾಜರ ಹೆಸರು ಕಲಿಸಿದರೂ ಅಪೂರ್ಣವೇ.

ಆಕರವನ್ನು, ಎಂದರೆ ಒಂದು ಸಂಗತಿ ನಮಗೆ ತಿಳಿದುಬಂದ ಮೂಲವನ್ನು, ಸಂಶಯಿಸುವುದು ವಿಲಾಯತಿಯಿಂದ ಬಂದ ಪಾಠವಲ್ಲ. ಸುಳ್ಳು ದಾನಪತ್ರಕ್ಕೆ ಕೂಟಶಾಸನ ಎಂಬ ಹೆಸರು ಹಳೆಯದು. ಅದನ್ನು ಸೃಷ್ಟಿಸುವವನಿಗೆ ಮನುಸ್ಮೃತಿ ಮರಣದಂಡನೆಯನ್ನೇ ವಿಧಿಸುತ್ತದೆ. ಏಳನೆಯ ಶತಮಾನದ ಹರ್ಷವರ್ಧನನ ಮಧುಬನ ತಾಮ್ರಪಟದಲ್ಲಿ, ಕೂಟಶಾಸನದ ಬಲದಿಂದ ಹಳ್ಳಿಯೊಂದನ್ನು ಅನುಭವಿಸುತ್ತಿದ್ದವನಿಂದ ಅದನ್ನು ಬಿಡಿಸಿ, ಆ ಪಟವನ್ನು ಮುರಿಸಿ, ಬೇರೆಯವರಿಗೆ ಹೊಸದಾಗಿ ದಾನಮಾಡಿದ ವಿಷಯವಿದೆ. ಭೂಮಿ ಕೈಬಿಡುವ ಭಯವೋ ಹೊಸದಾಗಿ ಪಡೆಯುವ ಆಸೆಯೋ ಇದ್ದಲ್ಲೆಲ್ಲ ಪೂರ್ವಕಾಲದ ಅರಸನ ಹೆಸರಿನಲ್ಲಿ ಪಟ ಕೊರೆಸುವ ಉದ್ಯೋಗ ನಡೆಯಿತು. ಇಂಗ್ಲಿಷರ ಆಳಿಕೆಯಲ್ಲಿ, 1852ರ ಇನಾಂ ಕಾಯಿದೆಯ ಮೇರೆಗೆ, ದಕ್ಷಿಣ ಮರಾಠಾ ಸೀಮೆಯಲ್ಲಿ, ಎಂದರೆ ಬೆಳಗಾವಿ ಧಾರವಾಡಗಳನ್ನೊಳಗೊಂಡ ಈ ಭಾಗದಲ್ಲಿ, ಇನಾಂದಾರರ ಸನದುಗಳನ್ನೆಲ್ಲ ತರಿಸಿ ತನಿಖೆ ಮಾಡಲಾಯಿತು. ಅದರ ಉದ್ದೇಶ ಸತ್ಯಶೋಧನೆಗಿಂತ ಹೆಚ್ಚಾಗಿ ಕಂದಾಯವಾಗಿತ್ತು, ಪತ್ರ ಕಳೆದುಕೊಂಡ ಎಷ್ಟೋ ನಿಜವಾದ ಹಕ್ಕುದಾರರು ಅದರಿಂದ ನೊಂದರು ಎಂಬುದನ್ನೂ ಇಲ್ಲಿ ಹೇಳಲೇಬೇಕು.

ಫ್ಲೀಟರ ದೊಡ್ಡ ಕೊಡುಗೆಯೆಂದರೆ ಈ ಪರೀಕ್ಷೆಯನ್ನು ಕಚೇರಿಯಿಂದ ವಿದ್ವತ್ತಿನ ಅಂಗಳಕ್ಕೆ ತಂದದ್ದು. 1901ರಲ್ಲಿ ‘ಇಂಡಿಯನ್ ಆಂಟಿಕ್ವೆರಿ’ಯಲ್ಲೇ ಅವರು ಭಾರತದ ಕೂಟಶಾಸನಗಳ ಮೇಲೆ ದೀರ್ಘ ಲೇಖನವೊಂದನ್ನು ಬರೆದರು. ಪಟದಲ್ಲಿ ಹೇಳಿದ ತಿಥಿಗೂ ವಾರಕ್ಕೂ ಹೊಂದಿಕೆಯಿದೆಯೇ, ಹೇಳಿದ ಗ್ರಹಣ ಆ ದಿನ ನಿಜವಾಗಿ ನಡೆಯಿತೇ, ಲಿಪಿ ಆ ಶತಮಾನದ್ದೇ, ವಂಶಾವಳಿ ಬೇರೆ ಶಾಸನಗಳಿಗೆ ಒಪ್ಪುತ್ತದೆಯೇ ಎಂಬಂಥ ಪ್ರಶ್ನೆಗಳಿಂದ ಅವರು ಪಟಗಳನ್ನು ಒರೆಗೆ ಹಚ್ಚಿದರು. ಗಂಗರ ಹಲವು ತಾಮ್ರಪಟಗಳನ್ನು ಅವರು ಕೂಟವೆಂದಾಗ ಮೈಸೂರಿನ ಶಾಸನತಜ್ಞ ಬಿ. ಎಲ್. ರೈಸ್ ಒಪ್ಪಲಿಲ್ಲ, ಇಬ್ಬರ ನಡುವೆ ವರ್ಷಗಟ್ಟಲೆ ವಾದ ನಡೆಯಿತು. ಈ ವಾದದಲ್ಲಿ ಗೆದ್ದವರು ಯಾರು ಎಂಬುದಕ್ಕಿಂತ, ಇಬ್ಬರೂ ತಾವು ಓದಿದ ಶಾಸನಪಾಠಗಳನ್ನು ಅಚ್ಚಿನಲ್ಲಿಟ್ಟು ಮೂರನೆಯವನೊಬ್ಬನು ಪರೀಕ್ಷಿಸುವಂತೆ ಬಿಟ್ಟರು ಎಂಬುದು ಮುಖ್ಯ.

ಕೆಲಸ ಮಾಡಿದವರ ಹೆಸರು ಹೇಳುವ ಸೌಜನ್ಯವಂತೂ ಈ ನೆಲದಲ್ಲಿ ಫ್ಲೀಟರ ಕಾಲಕ್ಕಿಂತ ಹಳೆಯದು. ಗೋವೆಯ ಕದಂಬರ ರಾಣಿ ಕಮಲಾದೇವಿ ದೇಗಾಂವೆಯಲ್ಲಿ ಕಟ್ಟಿಸಿದ ಕಮಲನಾರಾಯಣ ದೇವಾಲಯದ ಶಾಸನ, ಅರಸೊತ್ತಿಗೆಯ ಕೀರ್ತಿಯ ಜೊತೆಗೆ ಕಲ್ಲು ಕಡೆದ ಶಿಲ್ಪಿ ತಿಪ್ಪೋಜನ ಹೆಸರನ್ನೂ ಉಳಿಸಿದೆ.

ಕಾಲೇಜು ಈ ಸೀಮೆಗೆ ತಡವಾಗಿ ಬಂತು. 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ತೆರೆಯುವ ತನಕ ಪದವಿಗಾಗಿ ಪುಣೆಗೋ ಕೊಲ್ಹಾಪುರಕ್ಕೋ ಹೋಗಬೇಕಿತ್ತು. 1916ರಲ್ಲಿ ಹುಟ್ಟಿದ ಕೆ.ಎಲ್.ಇ. ಸಂಸ್ಥೆ 1933ರಲ್ಲಿ ಲಿಂಗರಾಜ ಕಾಲೇಜನ್ನು ತೆರೆದ ಮೇಲೆ ಬೆಳಗಾವಿಯಲ್ಲೇ ಓದು ಸಾಧ್ಯವಾಯಿತು. ಪಠ್ಯವನ್ನೂ ಪ್ರಶ್ನೆಪತ್ರಿಕೆಯನ್ನೂ ಮೊದಲು ಮುಂಬಯಿ, 1949ರ ನಂತರ ಕರ್ನಾಟಕ ವಿಶ್ವವಿದ್ಯಾಲಯ, 2010ರಿಂದ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ನಿರ್ಧರಿಸುತ್ತ ಬಂದವು. ದೂರದಲ್ಲೆಲ್ಲೋ ತಯಾರಾದ ಪ್ರಶ್ನೆಗೆ ಉತ್ತರ ಬರೆಯುವ ಈ ವ್ಯವಸ್ಥೆಯಲ್ಲಿ ನೋಟ್ಸ್ ಮತ್ತು ಗೈಡುಗಳು ಪುಸ್ತಕದ ಸ್ಥಾನವನ್ನು ಹಿಡಿದುಕೊಂಡವು. ಅವುಗಳಲ್ಲಿ ಆಕರದ ಹೆಸರಿಲ್ಲ. ಬಾಯಿಪಾಠ ಮಾಡಿದ್ದನ್ನು ಹಾಗೆಯೇ ಬರೆಯುವುದು ತಪ್ಪೆಂದು ಯಾರಿಗೂ ಅನ್ನಿಸದ ಅಭ್ಯಾಸ ಹೀಗೆ ಬೆಳೆಯಿತು. ಅದಕ್ಕೆ ವಿದ್ಯಾರ್ಥಿಯೊಬ್ಬನನ್ನೇ ಹೊಣೆಮಾಡುವುದು ನ್ಯಾಯವಲ್ಲ.

ಕೃತಿಚೌರ್ಯದ, ಅಂದರೆ ಪರರ ಬರಹವನ್ನೋ ವಿಚಾರವನ್ನೋ ಹೆಸರು ಹೇಳದೆ ತನ್ನದೆಂದು ತೋರಿಸುವುದರ, ವಿರುದ್ಧ ವಿಶ್ವವಿದ್ಯಾಲಯ ಧನಸಹಾಯ ಆಯೋಗವು ಇಡೀ ದೇಶಕ್ಕೆ ಅನ್ವಯಿಸುವ ನಿಯಮಾವಳಿ ತಂದದ್ದು 2018ರಲ್ಲಿ. ಸಂಶೋಧನಾ ಪ್ರಬಂಧದಲ್ಲಿ ಪರರ ಬರಹದ ಹೋಲಿಕೆ ಶೇಕಡಾ 10ರವರೆಗೆ ಇದ್ದರೆ ದಂಡನೆಯಿಲ್ಲ. 40ರವರೆಗೆ ಇದ್ದರೆ ಪ್ರಬಂಧವನ್ನು ಆರು ತಿಂಗಳೊಳಗೆ ತಿದ್ದಿ ಒಪ್ಪಿಸಬೇಕು. 60ರವರೆಗೆ ಇದ್ದರೆ ಒಂದು ವರ್ಷ ಒಪ್ಪಿಸುವಂತಿಲ್ಲ. ಅದಕ್ಕೂ ಮೀರಿದರೆ ನೋಂದಣಿಯೇ ರದ್ದು. ಆದರೆ ಇದೇ ನಿಯಮಾವಳಿ ನಿಯೋಜಿತ ಕಾರ್ಯ, ಅವಧಿ ಪ್ರಬಂಧ ಮತ್ತು ಉತ್ತರಪತ್ರಿಕೆಗಳನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಬಿ.ಎ. ತರಗತಿಯ ನಿಯೋಜಿತ ಬರಹದ ಮೇಲೆ ಈ ನಿಯಮಾವಳಿಯ ಹಿಡಿತವಿಲ್ಲದಿರುವಲ್ಲಿ ಅಧ್ಯಾಪಕರ ಪಾಠಯೋಜನೆಯ ಆ ನಾಲ್ಕು ಸಾಲುಗಳ ಭಾರ ಹೆಚ್ಚುತ್ತದೆ. ಮೇಲಾಗಿ, ಇಂಗ್ಲಿಷ್ ಅಥವಾ ಮರಾಠಿ ಪುಸ್ತಕದ ಪುಟವೊಂದನ್ನು ಕನ್ನಡಕ್ಕೆ ತಿರುಗಿಸಿ ತನ್ನದೆಂದು ಒಪ್ಪಿಸಿದರೆ ಪದಕ್ಕೆ ಪದ ಹೋಲಿಸುವ ತಂತ್ರಾಂಶದ ಕಣ್ಣಿಗೆ ಅದು ಬೀಳುವುದು ಕಷ್ಟ. ಎರಡು ಭಾಷೆಗಳ ಈ ಸೀಮೆಯಲ್ಲಿ ಅಂಥ ಅವಕಾಶ ಸದಾ ಇದೆ.

ಹಾಗಿರುವಾಗ ಪಾಠಯೋಜನೆ ನಿಷೇಧಗಳನ್ನು ಹೇಳಿ ಸುಮ್ಮನಾಗದೆ ಮಾಡುವ ಕ್ರಮವನ್ನು ಕಲಿಸಬೇಕಾಗುತ್ತದೆ. ನಂದಗಡದಲ್ಲಿ 1831ರ ಜನವರಿ 26ರಂದು ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ್ದು ಒಂದು ಬಗೆಯ ಸಂಗತಿ. ಅವನ ಸಮಾಧಿಯ ಮೇಲಿನ ಆಲದ ಮರವನ್ನು ಸಂಗಡಿಗ ಬಿಚ್ಚುಗತ್ತಿ ಚನ್ನಬಸಪ್ಪ ನೆಟ್ಟನೆಂದು ಜನ ಹೇಳುವುದು ಇನ್ನೊಂದು ಬಗೆಯದು. ಫ್ಲೀಟರು ಹಾಡುಗಾರರಿಂದ ಸಂಗ್ರಹಿಸಿ ಅಚ್ಚುಮಾಡಿದ ರಾಯಣ್ಣನ ಲಾವಣಿ ಮೂರನೆಯದು. ಮೂರಕ್ಕೂ ಬೆಲೆಯಿದೆ, ಆದರೆ ಒಂದನ್ನು ಇನ್ನೊಂದರ ವೇಷದಲ್ಲಿ ಬರೆಯುವಂತಿಲ್ಲ. ದೇಸೂರಿನಿಂದಲೋ ಖಾನಾಪುರದಿಂದಲೋ ಬರುವ ವಿದ್ಯಾರ್ಥಿ ತನ್ನ ಊರಿನ ಹಿರಿಯರಿಂದ ಇಂಥ ಕಥೆಯೊಂದನ್ನು ಕೇಳಿ ನಿಯೋಜಿತ ಬರಹಕ್ಕೆ ತರುವುದಾದರೆ, ಹೇಳಿದವರ ಒಪ್ಪಿಗೆ ಪಡೆದು ಅವರ ಹೆಸರು, ಊರು, ಅಂದಾಜು ವಯಸ್ಸು, ಹೇಳಿದ ಭಾಷೆ, ಕೇಳಿದ ದಿನಾಂಕ ಇವಿಷ್ಟನ್ನು ಅಡಿಟಿಪ್ಪಣಿಯಲ್ಲಿ ಬರೆಯಬೇಕು, ತಾನು ಅದನ್ನು ಅನುವಾದಿಸಿದ್ದರೆ ಅದನ್ನೂ ಸೂಚಿಸಬೇಕು, ಮತ್ತು ಅಂಕಗಳಲ್ಲಿ ಒಂದು ಪಾಲು ಈ ಟಿಪ್ಪಣಿಗೇ ಮೀಸಲಾಗಿರಬೇಕು.