ಬಡ ಕಂಪನಿಯ ಉದ್ದ ಕ್ರ್ಯಾಂಕು

ಅಮೆರಿಕದ ಗುಜರಿಗಳಲ್ಲಿ ಬಿದ್ದಿರುವ ಹಳೆಯ ಎಎಂಸಿ ಈಗಲ್ ಕಾರಿನಲ್ಲಿ ಕಣ್ಣು ಸೆಳೆಯುವಂಥದ್ದು ಏನೂ ಇಲ್ಲ. ಆದರೂ ಜೀಪಿನ ಹುಚ್ಚು ಹಿಡಿದವರು ಅದರ ಬಾನೆಟ್ ಎತ್ತಿ ನೋಡದೆ ಮುಂದೆ ಹೋಗುವುದಿಲ್ಲ. ಅವರ ಕಣ್ಣಿರುವುದು ಒಳಗಿನ ಕ್ರ್ಯಾಂಕ್ ಶಾಫ್ಟಿನ ಮೇಲೆ. ಅದನ್ನು ಜೀಪ್ ಚೆರೋಕಿಯ 4.0 ಲೀಟರ್ ಎಂಜಿನ್ನಿಗೆ ಕೂರಿಸಿದರೆ ಪಿಸ್ಟನ್ ಓಡುವ ದೂರ, ಅಂದರೆ ಸ್ಟ್ರೋಕ್, ಹೆಚ್ಚುತ್ತದೆ, ಸಿಸಿ ಏರುತ್ತದೆ. ಸ್ಟ್ರೋಕರ್ ಅಂದರೆ ಇಷ್ಟೇ.

ಇದು ಸಾಧ್ಯವಾದದ್ದು ಎಎಂಸಿಯ ಬಡತನದಿಂದ. ಜನರಲ್ ಮೋಟಾರ್ಸ್, ಫೋರ್ಡ್, ಕ್ರೈಸ್ಲರ್ ಎಂಬ ಮೂವರು ದೈತ್ಯರ ನಡುವೆ ಏಗುತ್ತಿದ್ದ ಅಮೆರಿಕನ್ ಮೋಟಾರ್ಸ್ (ಎಎಂಸಿ) 1964ರಲ್ಲಿ 3.8 ಲೀಟರಿನ ಆರು ಸಿಲಿಂಡರ್ ಎಂಜಿನ್ ತಂದಿತು. 1970ರಲ್ಲಿ ಕೈಸರ್ ಕಂಪನಿಯಿಂದ ಜೀಪನ್ನು ಕೊಂಡಿತು. ಮರುವರ್ಷ ಅದೇ ಎಂಜಿನ್ನಿನ ಸ್ಟ್ರೋಕ್ ಅನ್ನು 98.9 ಮಿಮೀಗೆ ಏರಿಸಿ 4.2 ಲೀಟರ್ ಮಾಡಿತು. 258 ಘನ ಇಂಚಿನ ಈ ಎಂಜಿನ್ ಸಿಜೆ ಜೀಪುಗಳಿಗೂ ಈಗಲ್ ಕಾರಿಗೂ ಬಂತು, 1990ರವರೆಗೆ ಬಾಳಿತು. ವೇಗಕ್ಕೆ ಸೋಮಾರಿ, ಎಳೆಯುವುದಕ್ಕೆ ಎತ್ತು.

1984ರ ಚೆರೋಕಿಯ ಸ್ಥಿತಿ ಇನ್ನೂ ನಾಚಿಕೆಯದು. ಅದರ ವಿ6 ಎಂಜಿನ್ ಬಂದದ್ದು ಎದುರಾಳಿ ಜನರಲ್ ಮೋಟಾರ್ಸ್‌ನಿಂದ. ಶಕ್ತಿ ಬರೀ 115 ಎಚ್‌ಪಿ. ಹೊಸದಾಗಿ ಶುರುಮಾಡಲು ದುಡ್ಡಿಲ್ಲದ ಎಎಂಸಿ ತನ್ನ ಹಳೆಯ ಆರು ಸಿಲಿಂಡರನ್ನೇ ಮತ್ತೆ ಕೈಗೆತ್ತಿಕೊಂಡಿತು. ಬೋರ್, ಅಂದರೆ ಸಿಲಿಂಡರಿನ ವ್ಯಾಸ, 98.4 ಮಿಮೀಗೆ ಹಿಗ್ಗಿತು, ಸ್ಟ್ರೋಕ್ 86.7ಕ್ಕೆ ಕುಗ್ಗಿತು, ಇಂಧನ ಇಂಜೆಕ್ಷನ್ ಸೇರಿತು. 1987ರ ಮಾದರಿಯಲ್ಲಿ ಹೊರಬಂದ 4.0 ಲೀಟರ್ ಎಂಜಿನ್ 173 ಎಚ್‌ಪಿ ಕೊಟ್ಟಿತು. ಅದೇ ವರ್ಷ ಎಎಂಸಿಯನ್ನು ಕ್ರೈಸ್ಲರ್ ನುಂಗಿಹಾಕಿತು. ಎಂಜಿನ್ ಮಾತ್ರ 2006ರವರೆಗೆ ಉಳಿಯಿತು.

ಒಂದೇ ವಂಶದ ಕೂಸುಗಳಾದ್ದರಿಂದ ಎರಡರ ಮೇನ್ ಬೇರಿಂಗ್ ಅಳತೆಯೂ ಒಂದೇ. ಹೀಗಾಗಿ 258ರ ಕ್ರ್ಯಾಂಕು 4.0ರ ಬ್ಲಾಕಿನಲ್ಲಿ ಕೂರುತ್ತದೆ.

ಲೆಕ್ಕದ ಸೊಗಸು ಇರುವುದು ಕನೆಕ್ಟಿಂಗ್ ರಾಡಿನಲ್ಲಿ. ಉದ್ದ ಸ್ಟ್ರೋಕಿನಿಂದಾಗಿ ಪಿಸ್ಟನ್ 6.1 ಮಿಮೀ ಹೆಚ್ಚು ಮೇಲೇರಬೇಕು. ಹಾಗಾದರೆ ಹೆಡ್ಡಿಗೆ ಬಡಿಯುತ್ತದೆ. ಆದರೆ 258ರ ರಾಡು 4.0ರದ್ದಕ್ಕಿಂತ 6.35 ಮಿಮೀ ಗಿಡ್ಡ. ಎರಡನ್ನೂ ಒಟ್ಟಿಗೆ ಹಾಕಿದರೆ ಪಿಸ್ಟನ್ ಹಳೆಯ ಜಾಗಕ್ಕಿಂತ ಕಾಲು ಮಿಮೀಯಷ್ಟೇ ಕೆಳಗೆ ನಿಲ್ಲುತ್ತದೆ. ಬೇಕೆಂದು ಮಾಡಿದ್ದಲ್ಲ, ಆದರೂ ಅಷ್ಟು ಸರಿಹೊಂದುತ್ತದೆ. ಬೋರ್ ಮುಟ್ಟದಿದ್ದರೆ 4.5 ಲೀಟರ್, 0.030 ಇಂಚು ರೀಬೋರ್ ಮಾಡಿಸಿದರೆ 4.6; 0.060ಕ್ಕೆ 4.7ರ ಹತ್ತಿರ.

ಕೊಡಗು, ಸಕಲೇಶಪುರದ ಎಸ್ಟೇಟುಗಳ ಹಳೆಯ ಮಹೀಂದ್ರ ಜೀಪುಗಳಿಗೆ ಈ ಉಪಾಯ ಹೊಂದದು. ಅವುಗಳಲ್ಲಿದ್ದದ್ದು ನಾಲ್ಕು ಸಿಲಿಂಡರಿನ ವಿಲ್ಲಿಸ್ ಪೆಟ್ರೋಲ್ ಎಂಜಿನ್, ಆಮೇಲೆ ಡೀಸೆಲ್.

ಮೊದಲ ಸಲ ಕೈಹಾಕುವವರು ಎಡವುವುದು ಕಂಪ್ರೆಷನ್ನಿನಲ್ಲಿ. ಹೆಡ್ಡಿನ ಕೋಣೆ ಇದ್ದಷ್ಟೇ ಇದ್ದು ಸಿಲಿಂಡರಿನ ಗಾಳಿ ಮಾತ್ರ ಹೆಚ್ಚುವುದರಿಂದ, 8.8ರ ಅನುಪಾತ ಹಳೆಯ ನಮೂನೆಯ ಪಿಸ್ಟನ್ನುಗಳಲ್ಲೇ 9.7ರ ಆಸುಪಾಸಿಗೆ ಏರುತ್ತದೆ. ಸಾಧಾರಣ ಪೆಟ್ರೋಲ್ ಹಾಕಿ ಏರು ಹತ್ತಿಸಿದರೆ ಮಿಶ್ರಣ ತಾನಾಗೇ ಸಿಡಿಯುವ ನಾಕಿಂಗ್ ಶುರು. ದಪ್ಪ ಹೆಡ್ ಗ್ಯಾಸ್ಕೆಟ್ ಹಾಕಿ ಅನುಪಾತ ಇಳಿಸೋಣ ಎಂಬ ಯೋಚನೆ ಸುಲಭವಾಗಿ ಬರುತ್ತದೆ, ಮತ್ತು ಅದು ತಪ್ಪು: ಪಿಸ್ಟನ್ನಿಗೂ ಹೆಡ್ಡಿಗೂ ನಡುವಿನ ಸಂದು ಅಗಲವಾದಷ್ಟೂ ಮಿಶ್ರಣ ಚೆನ್ನಾಗಿ ಕಲಕದೆ ನಾಕಿಂಗ್ ಹೆಚ್ಚೀತು. ಸಂದನ್ನು ಬಿಗಿಯಾಗಿಟ್ಟು, ತಲೆಯ ಗುಳಿ ಆಳವಾಗಿರುವ ಪಿಸ್ಟನ್ ಆರಿಸುವುದೇ ದಾರಿ. ಹೆಚ್ಚಿದ ಗಾಳಿಗೆ ತಕ್ಕಂತೆ ದೊಡ್ಡ ಇಂಜೆಕ್ಟರುಗಳೂ ಬೇಕು. ಹಳೆಯ ಕೆಲವು ಕ್ರ್ಯಾಂಕುಗಳ ಮೂತಿ ಉದ್ದ. ಪುಲ್ಲಿ ಸಾಲಿಗೆ ಬರಬೇಕಾದರೆ ಲೇತಿಗೆ ಹಾಕಿ ಕತ್ತರಿಸಬೇಕು.

ಈ ಎಂಜಿನ್ನುಗಳು ಹುಟ್ಟಿದ ವಿಸ್ಕಾನ್ಸಿನ್ ರಾಜ್ಯದ ಕೆನೋಶಾ ಕಾರ್ಖಾನೆ 2010ರಲ್ಲಿ ಮುಚ್ಚಿತು. ಬ್ಲಾಕುಗಳು ಇನ್ನು ಹೊಸದಾಗಿ ಬರುವುದಿಲ್ಲ. ಆದ್ದರಿಂದ ಮೊದಲ ಸ್ಟ್ರೋಕರ್ ಕಟ್ಟುವವರು 0.030 ಇಂಚಿಗೇ ನಿಲ್ಲುವುದು ಲೇಸು. 0.060ಕ್ಕೆ ಹೋದರೆ ದಕ್ಕುವುದು ಇನ್ನು 70 ಸಿಸಿ ಮಾತ್ರ. ಸಿಲಿಂಡರಿನ ಗೋಡೆ ತೆಳುವಾಗುತ್ತದೆ, ಮತ್ತೊಮ್ಮೆ ಬೋರ್ ಮಾಡಿಸುವ ಅವಕಾಶವೂ ಹೆಚ್ಚುಕಡಿಮೆ ಮುಗಿದಂತೆ.