ಹಳೆಯ ಬಣ್ಣವೂ ಹಗುರ ಲೋಹವೂ

ಅಲ್ಯೂಮಿನಿಯಂ ಪಾತ್ರೆಯನ್ನು ಬಟ್ಟೆ ಒಗೆಯುವ ಸೋಡದಿಂದ ತೊಳೆದರೆ ಅದು ಹೊಳೆಯುವ ಬದಲು ಕಪ್ಪಿಡುವುದನ್ನು ತಾವು ಕಂಡೇ ಇರುತ್ತೀರಿ. ಹಿತ್ತಾಳೆಗೆ ಹುಣಿಸೆಹಣ್ಣು, ಕಬ್ಬಿಣಕ್ಕೆ ಬೂದಿ ಎಂದು ಲೋಹಕ್ಕೊಂದು ಉಪಚಾರವನ್ನು ನಮ್ಮ ಹಿರಿಯರು ಅರಿತಿದ್ದರು. ಈ ಲೋಹಕ್ಕೆ ಮಾತ್ರ ಅವರ ಪಾಠ ದೊರೆಯದು, ಏಕೆಂದರೆ ಇದು ಅವರ ಕಾಲದ್ದಲ್ಲ. 1884ರಲ್ಲಿ ಅಮೆರಿಕದ ವಾಷಿಂಗ್ಟನ್ ಸ್ಮಾರಕಸ್ತಂಭದ ತುದಿಗೆ ನೂರು ಔನ್ಸಿನ ಅಲ್ಯೂಮಿನಿಯಂ ಕಳಶವನ್ನು ಇಟ್ಟಾಗ, ಅದರ ಬೆಲೆ ಹೆಚ್ಚುಕಡಮೆ ಬೆಳ್ಳಿಯದೇ ಆಗಿತ್ತು. ಎರಡೇ ವರ್ಷದ ಮೇಲೆ, 1886ರಲ್ಲಿ, ಅಮೆರಿಕದ ಹಾಲ್ ಮತ್ತು ಫ್ರಾನ್ಸಿನ ಎರೂ ಎಂಬ ಇಬ್ಬರು ತರುಣರು ಒಬ್ಬರನ್ನೊಬ್ಬರು ಅರಿಯದೆಯೇ ವಿದ್ಯುತ್ತಿನಿಂದ ಅದನ್ನು ಅಗ್ಗವಾಗಿ ಬೇರ್ಪಡಿಸುವ ಒಂದೇ ದಾರಿಯನ್ನು ಕಂಡುಕೊಂಡರು. ಹೆಸರು ಲ್ಯಾಟಿನ್ನಿನ ಆಲುಮೆನ್ ಎಂಬ ಪದದಿಂದ ಬಂದುದು. ಆಲುಮೆನ್ ಎಂದರೆ ನಮ್ಮ ಪಟಿಕ. ಹೆಸರಿಡುವ ಭಾಗ್ಯ ನಮ್ಮ ಪಂಡಿತರಿಗೆ ಬಂದಿದ್ದರೆ ಇದು ಪಟಿಕಲೋಹವಾಗುತ್ತಿತ್ತೋ ಏನೋ!

ಕಪ್ಪಿಡುವುದಕ್ಕೆ ಕಾರಣವುಂಟು. ಗಾಳಿ ಸೋಕಿದೊಡನೆ ಈ ಲೋಹದ ಮೇಲೆ ಒಂದು ತೆಳ್ಳನೆಯ ಪೊರೆ ಕಟ್ಟುತ್ತದೆ. ಕೂದಲೆಳೆಯನ್ನು ಹತ್ತು ಸಾವಿರ ಸೀಳು ಮಾಡಿದರೂ ಒಂದು ಸೀಳು ಆ ಪೊರೆಗಿಂತ ದಪ್ಪವೇ ಇದ್ದೀತು. ಲೋಹವನ್ನು ಕಾಪಾಡುವುದೇ ಅದು. ತೀಕ್ಷ್ಣವಾದ ಕ್ಷಾರ ಮೊದಲು ಪೊರೆಯನ್ನು ಕರಗಿಸುತ್ತದೆ, ಆಮೇಲೆ ಲೋಹವನ್ನೇ ತಿನ್ನತೊಡಗುತ್ತದೆ. ಕಬ್ಬಿಣದ ಮೇಲಿನ ಹಳೆಯ ಬಣ್ಣವನ್ನು ಬಿಡಿಸಲು ಕುಶಲಿಗಳು ತಲೆತಲಾಂತರದಿಂದ ಬಳಸಿದ್ದು ಕಾಸ್ಟಿಕ್ ಸೋಡದಂಥ ಕ್ಷಾರವನ್ನೇ. ಕಬ್ಬಿಣಕ್ಕೆ ಅದರಿಂದ ಏನೂ ಆಗದು. ಅಲ್ಯೂಮಿನಿಯಮನ್ನು ಅದರಲ್ಲಿ ಅದ್ದಿದರೆ ಗುಳ್ಳೆಗುಳ್ಳೆಯಾಗಿ ಜಲಜನಕ ಏಳುತ್ತದೆ. ಬಣ್ಣ ಹೋಗುತ್ತದೆ, ಅದರೊಡನೆ ಲೋಹವೂ ಹೋಗುತ್ತದೆ.

ಬಣ್ಣವನ್ನು ತೆಗೆಯಲೇಬೇಕೆ, ಹಳೆಯದರ ಮೇಲೆ ಹೊಸದನ್ನು ಬಳಿದರೆ ಸಾಲದೆ ಎಂದು ತಾವು ಕೇಳಬಹುದು. ಬಾಗಿಲು ಕಿಟಕಿಗಳಿಗೆ ಸಾಕು. ವಿಮಾನಕ್ಕೆ ಸಾಲದು. ಬಣ್ಣಕ್ಕೂ ತೂಕವಿದೆ, 1944ರ ಹೊತ್ತಿಗೆ ಅಮೆರಿಕದ ಸೈನ್ಯವು ತನ್ನ ಬಹುಪಾಲು ಹೊಸ ಯುದ್ಧವಿಮಾನಗಳಿಗೆ ಮರೆಬಣ್ಣ ಬಳಿಯುವುದನ್ನೇ ಬಿಟ್ಟು ಬರಿಯ ಲೋಹದ ಮೈಯಲ್ಲಿ ಹಾರಿಸಿತು. ಅದಕ್ಕಿಂತ ದೊಡ್ಡ ಮಾತೆಂದರೆ, ಬಣ್ಣದ ಅಡಿಯಲ್ಲಿ ಬಿರುಕು ಅಡಗಿರುತ್ತದೆ. ಪ್ರಯಾಣಿಕ ವಿಮಾನದ ಮೈಹಾಳೆಯ ದಪ್ಪ ಹಲವೆಡೆ ಒಂದು ಮಿಲಿಮೀಟರಿನ ಆಸುಪಾಸು. 1988ರ ಏಪ್ರಿಲ್ 28ರಂದು ಹವಾಯಿ ದ್ವೀಪಗಳ ಮೇಲೆ ಹಾರುತ್ತಿದ್ದ ಅಲೋಹ ಸಂಸ್ಥೆಯ ವಿಮಾನವೊಂದರ ಮುಂಭಾಗದ ಮೇಲ್ಮೈ, ಹಾಳೆಯ ಮೇಲೆ ಹಾಳೆ ಕೂಡುವ ಅಂಚಿನಲ್ಲಿ ಬಿರಿದು, ಆಕಾಶದಲ್ಲಿಯೇ ಕಿತ್ತುಹೋಯಿತು. ಪರಿಚಾರಿಕೆಯೊಬ್ಬಳು ಗಾಳಿಯ ಪಾಲಾದಳು. ವಿಮಾನ ಹೇಗೋ ನೆಲ ಮುಟ್ಟಿತು. ಅಲ್ಲಿ ರಿವೆಟ್ಟಿನಿಂದ ರಿವೆಟ್ಟಿಗೆ ಸಣ್ಣ ಸಣ್ಣ ಬಿರುಕುಗಳು ಬೆಳೆದು ಒಂದುಗೂಡಿದ್ದವು. ಅಂಥ ಅಂಚುಗಳನ್ನು ಪರೀಕ್ಷಿಸಬೇಕಾದರೆ ಎಷ್ಟೋ ವೇಳೆ ಮೊದಲು ಬಣ್ಣ ಹೋಗಬೇಕು. ಬಣ್ಣ ಬಲವಾಗಿ ಕಚ್ಚಿಕೊಂಡಿರುವುದೂ ಅಲ್ಲಿಯೇ.

ಎರಡನೆಯ ಮಹಾಯುದ್ಧದ ಅನಂತರ ಈ ಕೆಲಸಕ್ಕೆ ಒದಗಿದ್ದು ಮೆಥಿಲೀನ್ ಕ್ಲೋರೈಡ್ ಎಂಬ ದ್ರವ. ಇದು ಬಣ್ಣವನ್ನು ಉಬ್ಬಿಸಿ ಸುಕ್ಕುಗಟ್ಟಿಸಿ, ಬಿಸಿಹಾಲಿನ ಕೆನೆಯಂತೆ ಮೇಲಕ್ಕೆತ್ತುತ್ತದೆ, ಲೋಹವನ್ನು ಮುಟ್ಟುವುದಿಲ್ಲ. ದಶಕಗಳ ಕಾಲ ವಿಮಾನಶಾಲೆಗಳು ಇದನ್ನೇ ನೆಚ್ಚಿದ್ದವು. ಆದರೆ ಅದರ ಆವಿ ಗಾಳಿಗಿಂತ ಭಾರ, ತಗ್ಗಿನಲ್ಲಿ ಮಡುಗಟ್ಟುತ್ತದೆ. ಉಸಿರಾಡಿದವನಿಗೆ ಮಂಪರು ಕವಿಯುತ್ತದೆ, ದೇಹದೊಳಗೆ ಅದು ಇದ್ದಿಲ ಹೊಗೆಯ ವಿಷಾನಿಲವಾಗಿ ಮಾರ್ಪಡುತ್ತದೆ. 2000ದಿಂದ 2011ರವರೆಗೆ ಅಮೆರಿಕದಲ್ಲಿ ಸ್ನಾನದ ತೊಟ್ಟಿಗಳ ಹಳೆಯ ಲೇಪವನ್ನು ಬಿಡಿಸಲು ಹೋಗಿ ಹದಿಮೂರು ಮಂದಿ ಸತ್ತರು. ಅವರ ಬಳಿಯಿದ್ದ ಡಬ್ಬಿಗಳಲ್ಲಿ ಹಲವು ವಿಮಾನದ ಕೆಲಸಕ್ಕೆಂದೇ ಮಾರಾಟವಾದವು. 2019ರಲ್ಲಿ ಅಲ್ಲಿಯ ಸರಕಾರ ಬಣ್ಣ ಬಿಡಿಸುವ ಈ ದ್ರವವನ್ನು ಮನೆಬಳಕೆಗೆ ಮಾರುವುದನ್ನು ನಿಷೇಧಿಸಿತು.

ದ್ರವ ಬೇಡವೆಂದು ಕೆರೆದರಾಯಿತೆ? ಅದೂ ಆಗಲಿಲ್ಲ. ಹಾಳೆಗಳ ಅಂಚಿನ ಬಣ್ಣವನ್ನೂ ಅಂಟನ್ನೂ ಚೂಪಾದ ಉಪಕರಣದಿಂದ ಕೆರೆದಲ್ಲಿ ಲೋಹದ ಮೇಲೆ ಕೂದಲೆಳೆಯಂಥ ಗೀರು ಬೀಳುವುದುಂಟು. ಆ ಗೀರೇ ಮುಂದೆ ಬಿರುಕಿಗೆ ಬೀಜವಾಗುತ್ತದೆಂಬುದು ಈ ಶತಮಾನದ ಮೊದಲ ದಶಕದಲ್ಲಿ ಬೋಯಿಂಗ್ ವಿಮಾನಗಳ ಪರೀಕ್ಷೆಯಲ್ಲಿ ಹೊರಬಿತ್ತು. ಬಿರುಕು ನೋಡಲೆಂದು ಬಣ್ಣ ತೆಗೆದರೆ, ತೆಗೆದ ಕೈಯೇ ಬಿರುಕನ್ನು ಬಿತ್ತಿತು.

ಇಲ್ಲಿ ತಾಮ್ರದ ಕಥೆಯೊಂದನ್ನು ಹೇಳಬೇಕು. ಅಲ್ಯೂಮಿನಿಯಮಿಗೆ ಒಂದು ಉಪಾಯ ಬಂದುದು ಅಲ್ಲಿಂದ. ನ್ಯೂಯಾರ್ಕಿನ ರೇವಿನಲ್ಲಿ ನಿಂತಿರುವ ಸ್ವಾತಂತ್ರ್ಯದೇವಿಯ ಪ್ರತಿಮೆಯೂ ಲೋಕಕ್ಕೆ ಅರ್ಪಿತವಾದದ್ದು 1886ರಲ್ಲಿಯೇ. ಅದರ ತಾಮ್ರದ ಹಾಳೆ ಎರಡೂವರೆ ಮಿಲಿಮೀಟರಿನಷ್ಟೂ ದಪ್ಪವಿಲ್ಲ. ಒಳಮೈಗೆ ಹಿಂದಿನವರು ಟಾರು ಬಳಿದಿದ್ದರು, ಅದರ ಮೇಲೆ ಬಣ್ಣದ ಮೇಲೆ ಬಣ್ಣ. ಶತಮಾನೋತ್ಸವಕ್ಕಾಗಿ ದುರಸ್ತಿಗೆ ತೊಡಗಿದವರು ಸೆರಗಿನ ನೆರಿಗೆಗಳ ಒಳಸಂದುಗಳಿಂದ ಇದನ್ನೆಲ್ಲ ತೆಗೆಯಬೇಕಾಯಿತು. ಮರಳನ್ನು ಎರಚಿದರೆ ತಾಮ್ರ ಸವೆಯುತ್ತದೆ. ಶೂನ್ಯಕ್ಕಿಂತ 196 ಡಿಗ್ರಿ ಕೆಳಗಿನ ದ್ರವ ಸಾರಜನಕವನ್ನು ಚಿಮುಕಿಸಿದರು. ಬಣ್ಣ ಸೆಟೆದು ಹಕ್ಕಳೆಗಳಾಗಿ ಉದುರಿತು, ಟಾರು ಮಾತ್ರ ಜಗ್ಗಲಿಲ್ಲ. ಕೊನೆಗೆ ಅದನ್ನು ಗೆದ್ದದ್ದು ಅಡುಗೆ ಸೋಡ! ಗಾಳಿಯ ಒತ್ತಡದಲ್ಲಿ ಆ ಪುಡಿಯನ್ನು ಎರಚಿದಾಗ ಟಾರು ಕಿತ್ತುಬಂತು, ತಾಮ್ರಕ್ಕೆ ಗಾಯವಾಗಲಿಲ್ಲ. ಪುಡಿ ತೂತುಗಳಿಂದ ಹೊರಗೆ ಸೋರಿ ದೇವಿಯ ಹಸಿರು ಮೈಮೇಲೆ ಗೆರೆ ಬಿಡತೊಡಗಿದ್ದರಿಂದ ಹೊರಗಡೆ ನೀರು ಹಾಯಿಸುತ್ತಲೇ ಇರಬೇಕಾಯಿತು.

ಆಚೆಗೆ ಇದೇ ಉಪಾಯವನ್ನು ವಿಮಾನದ ಅಲ್ಯೂಮಿನಿಯಮಿಗೂ ಪ್ರಯೋಗಿಸಿದರು. ಅಡುಗೆ ಸೋಡ ಮೃದುವಾದ ಕ್ಷಾರ, ಲೋಹ ಅದನ್ನು ತಡೆದುಕೊಳ್ಳುತ್ತದೆ. ಆದರೆ ಅಡುಗೆ ಸೋಡವನ್ನು ಕಾಯಿಸಿದರೆ ಏನಾಗುತ್ತದೆ? ಒಗೆಯುವ ಸೋಡವಾಗುತ್ತದೆ! ಮೇಲ್ಮೈಯನ್ನು ನೀರಿನಿಂದ ತೊಳೆಯಬಹುದು. ಹಾಳೆಗಳ ನಡುವಿನ ಸಂದಿಗೆ ಹೊಕ್ಕ ಪುಡಿಯನ್ನು ತೊಳೆಯುವವರು ಯಾರು? ಅಲ್ಲಿ ಬಿಸಿಯೂ ತೇವವೂ ಕೂಡಿದರೆ ನಮ್ಮ ಪಾತ್ರೆಗೆ ಬಂದ ಗತಿಯೇ ವಿಮಾನಕ್ಕೂ ಬಂದೀತೆಂಬ ಅಂಜಿಕೆ ತಜ್ಞರನ್ನು ಕಾಡಿತು.

ಹೀಗೆ ದ್ರವವೂ ಪುಡಿಯೂ ಉಪಕರಣವೂ ಸೋಲುವ ಎಡೆಗೆ ಕಡೆಯಲ್ಲಿ ಮನುಷ್ಯನೇ ನುಗ್ಗಬೇಕಾಗುತ್ತದೆ. ಆಸ್ಟ್ರೇಲಿಯದ ವಾಯುಸೇನೆ 1973ರಲ್ಲಿ ಎಫ್-111 ಎಂಬ ಬಾಂಬರ್ ವಿಮಾನಗಳನ್ನು ತರಿಸಿಕೊಂಡಿತು. ಅವುಗಳಲ್ಲಿ ಇಂಧನಕ್ಕೆ ಪ್ರತ್ಯೇಕ ತೊಟ್ಟಿಯಿಲ್ಲ. ಒಡಲಿನ ಪೊಳ್ಳೇ ತೊಟ್ಟಿ. ಸಂದುಗಳಿಗೆ ಮೆತ್ತಿದ ಅಂಟು ಹಳತಾಗಿ ಇಂಧನ ಸೋರಿತು. ಇದು ಬಣ್ಣವಲ್ಲ, ಅಂಟು. ಆದರೆ ತೊಡಕು ಅದೇ. ಕ್ವೀನ್ಸ್‌ಲ್ಯಾಂಡಿನ ಆಂಬರ್ಲಿ ನೆಲೆಯಲ್ಲಿ 1977ರಿಂದ ತರುಣ ಕೆಲಸಗಾರರು ಆ ಇಕ್ಕಟ್ಟಾದ ಪೊಳ್ಳುಗಳೊಳಗೆ ತೆವಳಿಕೊಂಡು ಹೋಗಿ, ಎಸ್‌ಆರ್-51 ಎಂಬ ರಾಸಾಯನಿಕದಲ್ಲಿ ನೆನೆದ ಅಂಟನ್ನು ಚೂರುಚೂರಾಗಿ ಕೈಯಿಂದ ಬಿಡಿಸಿದರು. ಆ ದ್ರವದ ದುರ್ವಾಸನೆ ಎಷ್ಟು ಮಿಂದರೂ ಮೈಬಿಡುತ್ತಿರಲಿಲ್ಲ; ಊಟದ ಮನೆಯಲ್ಲಿ ಜೊತೆಯವರೇ ಅವರಿಂದ ದೂರ ಸರಿದು ಕೂರುತ್ತಿದ್ದರು. ಬೇರೆ ಬೇರೆ ರೀತಿಯಲ್ಲಿ ಈ ಕೆಲಸ 1999ರವರೆಗೆ ನಡೆಯಿತು. ಲೋಹಕ್ಕೆ ಹಾನಿಯಾಗದಂತೆ ವಹಿಸಿದ ಎಚ್ಚರ ಆ ಮನುಷ್ಯರ ಪಾಲಿಗೆ ಬರಲಿಲ್ಲವೆಂದೇ ನಾನು ತಿಳಿದಿದ್ದೇನೆ. 2000ದ ಜನವರಿಯಲ್ಲಿ ಕೆಲಸವನ್ನು ನಿಲ್ಲಿಸಿದರು. 2001ರಲ್ಲಿ ವಿಚಾರಣಾ ಮಂಡಳಿಯ ವರದಿ ಬಂತು. ಇಂಥ ಕೆಲಸ ಮಾಡಿದವರಲ್ಲಿ ಖಿನ್ನತೆ, ಆತಂಕ, ಮರೆವು ಹೆಚ್ಚಾಗಿವೆಯೆಂದು 2004ರ ಆರೋಗ್ಯ ಸಮೀಕ್ಷೆ ಹೇಳಿತು. 2005ರಲ್ಲಿ ಸರಕಾರ ಅವರಿಗೆ ಪರಿಹಾರಧನ ಗೊತ್ತುಮಾಡಿತು. ಕೆಲವರಿಗೆ 40,000 ಡಾಲರು, ಕೆಲವರಿಗೆ 10,000. ಹಲವರು ಲೆಕ್ಕದಿಂದಲೇ ಹೊರಗುಳಿದರು. ಆ ದೂರುಗಳನ್ನು ಸಂಸತ್ತಿನ ಸಮಿತಿಯೊಂದು 2009ರಲ್ಲಿ ಮತ್ತೆ ಕೇಳಬೇಕಾಯಿತು.

ವಿಮಾನಗಳು 2010ರ ಡಿಸೆಂಬರಿನಲ್ಲಿ ನಿವೃತ್ತವಾದವು. ಮರುವರ್ಷ ಅವುಗಳಲ್ಲಿ ಇಪ್ಪತ್ತಮೂರರ ಒಡಲುಗಳನ್ನು, ಆ ನೆಲೆಗೆ ಅಷ್ಟೇನೂ ದೂರವಲ್ಲದ ಸ್ವಾನ್‌ಬ್ಯಾಂಕಿನ ಕಸದ ಹಳ್ಳದಲ್ಲಿ ಹೂತುಬಿಟ್ಟರು.